ಗಾಲಿಯ ಕೆಳಗೆ ದೇವರ ಮಣೆ

ದೇವರ ಮಣೆಯನ್ನು ಚಕ್ಕಡಿಯ ಗಾಲಿಯ ಕೆಳಗೆ ಇಟ್ಟವಳು ನಾನೇ. ಕೈ ತಪ್ಪಿ ಇಟ್ಟದ್ದಲ್ಲ. ಗೊತ್ತಿದ್ದೇ ಇಟ್ಟೆ.

ಸುದ್ದಿ ಆಗಲೇ ಓಣಿ ತುಂಬ ಓಡಾಡಿದೆ. ದಿನಾ ದೇವರಿಗೆ ದೀಪ ಹಚ್ಚದೆ ನೀರೂ ಕುಡಿಯದ ಈ ಹೆಂಗಸಿಗೆ ಏನಾಯಿತು ಅಂತ ಬಾವಿಕಟ್ಟೆಯಲ್ಲಿ ಮಾತಾಡಿಕೊಳ್ಳುತ್ತಾರಂತೆ. ಅವರಿವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳಿರಿ.

ನನ್ನ ಮಗಳು ಸುಶೀ ಬಸುರಿ, ಈಗ ಎಂಟು ತಿಂಗಳು. ಹೋದ ವರ್ಷ ಏಳು ತುಂಬುವುದರೊಳಗೆ ಒಂದು ಕೂಸು ಹೋಯಿತು. ಅವಳ ಅತ್ತೆಮನೆ ಅನಗವಾಡಿ ಕಡೆ, ಹೊಳೆಯ ಆಚೆ. ಆ ಊರಲ್ಲಿ ದವಾಖಾನೆ ಇಲ್ಲ. ನಮ್ಮೂರು ಜಮಖಂಡಿಗೇ ಕರೆದುಕೊಂಡು ಬನ್ನಿ ಅಂತ ಡಾಕ್ಟರರು ಹೇಳಿದರು. ಬಸ್ಸು ಬೇಡ, ಚಕ್ಕಡಿಯಲ್ಲಿ ನಿಧಾನವಾಗಿ. ಮಲಗಿಸಿಕೊಂಡೇ ಬರಬೇಕು, ತಲೆ ಕೆಳಗಾಗಬಾರದು, ಮೈ ಒಂದು ಕಡೆ ಜಾರಬಾರದು. ಇಷ್ಟೇ ಅವರ ರೂಲು. ದೊಡ್ಡ ರೂಲೇನು?

ಕಮಾನು ಕಟ್ಟಿದ ಚಕ್ಕಡಿ, ಕೆಳಗೆ ಹುಲ್ಲು, ಮೇಲೆ ಎರಡು ಕೌದಿ. ಹೊಡೆಯುವವನು ಬೀರಪ್ಪ. ಆ ಎತ್ತುಗಳಿಗೆ ಅವನು ಬೈದದ್ದನ್ನು ನಾನು ಕೇಳಿಲ್ಲ. ಜೊತೆಗೆ ನಮ್ಮನೆಯವರು, ಅವರ ಅಣ್ಣ ಅಂದರೆ ನಮ್ಮ ಭಾವನವರು, ಮತ್ತು ದೇವರ ಪೆಟ್ಟಿಗೆ. (ದೇವರಿಗೆ ಒಂದು ದಿನವೂ ಪೂಜೆ ತಪ್ಪಬಾರದು ಅಂತ ಭಾವನವರು ಎಲ್ಲಿಗೆ ಹೋದರೂ ಪೆಟ್ಟಿಗೆ ಹೊತ್ತೇ ಹೋಗುತ್ತಾರೆ. ಇದಕ್ಕೆ ನನ್ನ ತಕರಾರಿಲ್ಲ.)

ಭಾವನವರು ಮೂವತ್ತು ವರ್ಷ ರಸ್ತೆ ಕೆಲಸದ ಓವರ್‌ಸಿಯರ್ ಆಗಿದ್ದವರು. ಈಗ ಪೆನ್ಶನ್. ಆದರೂ ಕೋಟಿನ ಕಿಸೆಯಲ್ಲಿ ಗೇಣುದ್ದದ ಹಿತ್ತಾಳೆಯ ರಸಮಟ್ಟ ಇದ್ದೇ ಇರುತ್ತದೆ. ಗಾಜಿನ ನಳಿಗೆಯೊಳಗೊಂದು ನೀರುಗುಳ್ಳೆ. ಗುಳ್ಳೆ ನಡುವೆ ನಿಂತರೆ ನೆಲ ಸಪಾಟು. ನಮ್ಮ ಮನೆಯ ಒಲೆಯನ್ನೂ ಅವರು ಅದರಿಂದಲೇ ನೋಡಿ ಹಾಕಿಸಿದ್ದು.

ಅನಗವಾಡಿ ಹತ್ತಿರ ಹೊಳೆ ದಾಟಿ ದಂಡೆಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಎತ್ತು ದಣಿದಿದ್ದವು. ಇವತ್ತಿಗೆ ಇಲ್ಲೇ ವಸ್ತಿ ಅಂದರು ಭಾವನವರು. ಇಡೀ ದಂಡೆಯಲ್ಲಿ ಸಪಾಟಾದ ಜಾಗ ಒಂದೇ, ಬೇವಿನ ಗಿಡದ ಕೆಳಗೆ. ಬೀರಪ್ಪ ಚಕ್ಕಡಿಯನ್ನು ಅತ್ತ ತಿರುಗಿಸಿದ. ಭಾವನವರು ಕೈ ಅಡ್ಡ ಹಿಡಿದರು. ಅದು ಪೂಜೆಗೆ, ಮಡಿ ಅಡುಗೆಗೆ. ಎತ್ತು ಬಂದು ಸಗಣಿ ಹಾಕಿದರೆ? ಚಕ್ಕಡಿ ಆಚೆ ಇರಲಿ.

ಆಚೆ ಅಂದರೆ ಇಳಿಜಾರು. ಬಲಗಾಲಿ ಬಂಡೆಯ ಮೇಲೆ, ಎಡಗಾಲಿ ತಗ್ಗಿನಲ್ಲಿ. ಎತ್ತು ಬಿಚ್ಚಿ ನೊಗದ ಕೆಳಗೆ ಕಟ್ಟಿಗೆ ಕೊಟ್ಟದ್ದಾಯಿತು. ಉದ್ದಕ್ಕೆ ನೆಟ್ಟಗಾಯಿತು, ಅಡ್ಡಕ್ಕೆ ಓರೆಯೇ ಉಳಿಯಿತು. ಸುಶೀ ಎಡಕ್ಕೆ ಜಾರಿ ಕಮಾನಿನ ಬಿದಿರಿಗೆ ಒತ್ತಿಕೊಂಡಳು. ಮತ್ತೆ ಮೇಲೆ ಸರಿಸಿದೆ. ಮತ್ತೆ ಜಾರಿದಳು. ಕೌದಿ ಮಡಚಿ ಒತ್ತು ಕೊಟ್ಟೆ. ಅದೂ ಅವಳ ಸಂಗಡವೇ ಜಾರಿತು.

“ಅವ್ವಾ, ಹೊಟ್ಟಿ ಎಳದಾಂಗ ಆಗ್ಲಿಕ್ಕತ್ತದ,” ಅಂದಳು. ಹೋದ ವರ್ಷವೂ ಇದೇ ಮಾತಿನಿಂದ ಶುರುವಾಗಿತ್ತು.

ಕೆಳಗಿಳಿಸಿ ಮಲಗಿಸೋಣವೆಂದರೆ ನೆಲ ಹಸಿ. ಮೇಲಾಗಿ ಬಸುರಿ ಹೊಳೆದಂಡೆಯಲ್ಲಿ, ನಾಲ್ಕು ಮಂದಿ ಓಡಾಡುವಲ್ಲಿ, ಕೆಳಗಿಳಿಯಕೂಡದು ಅಂತ ಭಾವನವರ ಅಪ್ಪಣೆ. ಸಂಸ್ಥಾನ ಹೋಯಿತು, ಮುಂಬೈ ಸರಕಾರ ಬಂತು. ನಮ್ಮ ಮನೆಯೊಳಗಿನ ಸಂಸ್ಥಾನ ವಿಲೀನವಾಗುವುದು ಯಾವಾಗ?

ಬೀರಪ್ಪ ಬಗ್ಗಿ ಗಾಲಿ ನೋಡಿದ. ಬರೇ ಗುಂಡುಗಲ್ಲು ಕೊಟ್ಟರೆ ಜಾರುತ್ತವೆ, ಕಲ್ಲು ಹಾಸಿ ಮೇಲೊಂದು ದಪ್ಪ ಹಲಗೆ ಇಟ್ಟು ಗಾಲಿ ಹತ್ತಿಸಿದರೆ ಚಕ್ಕಡಿ ನೆಟ್ಟಗೆ ನಿಲ್ಲುತ್ತದೆ ಅಂದ. ಹಲಗೆ ಎಲ್ಲಿಂದ ತರುವುದು?

ನಾನು ಬೇವಿನ ಗಿಡದ ಕಡೆ ನೋಡಿದೆ.

ಅಲ್ಲಿ ಭಾವನವರು ನೆಲ ಸಾರಿಸಿ, ಸಾಗವಾನಿಯ ಮಣೆ ಹಾಕಿ, ಮಣೆಯ ಮೇಲೆ ರಸಮಟ್ಟ ಇಟ್ಟು ಕೂತಿದ್ದರು. ಒಂದು ಕಡೆ ಚಿಟಿಕೆ ಮಣ್ಣು ಹಾಕುವುದು, ಗುಳ್ಳೆ ನೋಡುವುದು. ಇನ್ನೊಂದು ಕಡೆ ಚಿಟಿಕೆ ತೆಗೆಯುವುದು, ಗುಳ್ಳೆ ನೋಡುವುದು. ಗುಳ್ಳೆ ನಡುವೆ ನಿಂತ ಮೇಲೇ ದೇವರ ಪೆಟ್ಟಿಗೆ ಮೇಲೇರಿತು.

ಇಪ್ಪತ್ನಾಲ್ಕು ವರ್ಷದಲ್ಲಿ ನಾನು ಭಾವನವರ ಎದುರು ನಿಂತು ಮಾತಾಡಿದವಳಲ್ಲ. ಏನಿದ್ದರೂ ನಮ್ಮನೆಯವರ ಮೂಲಕ, ಇಲ್ಲವೇ ಬಾಗಿಲ ಹಿಂದಿನಿಂದ. ಆಗಲೂ ನಮ್ಮನೆಯವರನ್ನೇ ಕಳಿಸಿದೆ. ಅವರು ಕಚೇರಿಯಲ್ಲಿ ಕ್ಲಾರ್ಕು. ಹೋದರು, ಬಂದರು. ಒಂದು ರಾತ್ರಿಯ ಮಾತು, ಸುಧಾರಿಸಿಕೊಳ್ಳಲಿ ಅಂತ ಅಣ್ಣ ಹೇಳಿದ್ದಾನೆ ಅಂದರು. ತಲೆ ತಗ್ಗಿಸಿ ನಿಂತರು.

ಎಷ್ಟು ಸಲ ಕೇಳಿದ್ದೇನೆ ಈ ಮಾತನ್ನು! ಒಲೆ ಹೊಗೆ ಕಾರಿದರೆ ಸುಧಾರಿಸಿಕೊ. ಬಾಣಂತಿ ಕೋಣೆ ಸೋರಿದರೆ ಸುಧಾರಿಸಿಕೊ. ಸುಧಾರಿಸುವುದು ಯಾವಾಗಲೂ ನಾವೇ ಯಾಕೆ? ನೆಲವನ್ನು ಸುಧಾರಿಸಿದರೆ ಆಗದೇ?

ತಾಟಿನಲ್ಲಿ ನೀರು ಹಾಕಿ ಚಕ್ಕಡಿಯೊಳಗಿಟ್ಟೆ. ನೀರೆಲ್ಲ ಒಂದೇ ಅಂಚಿಗೆ ಹೋಗಿ ಚೆಲ್ಲಿತು. ಭಾವನವರು ಅಲ್ಲಿಂದಲೇ ನೋಡಿ, ಹೆಂಗಸರಿಗೆ ಲೆವಲ್ ಅಂದರೆ ಏನು ತಿಳಿಯುತ್ತದೆ ಅಂತ ನಕ್ಕರು.

ಕೆಳಗಿಳಿದೆ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ನೆಟ್ಟಗೆ ಗಿಡದ ಕೆಳಗೆ ಹೋಗಿ ರಸಮಟ್ಟ ಎತ್ತಿಕೊಂಡೆ. ತಂದು ಸುಶೀಯ ಪಕ್ಕದಲ್ಲಿಟ್ಟೆ. ಗುಳ್ಳೆ ನಳಿಗೆಯ ತುದಿಗೆ ಹೋಗಿ ಅಂಟಿಕೊಂಡಿತು. ಭಾವನವರು ಸಿಟ್ಟಿನಿಂದ ಬೆನ್ನು ಹತ್ತಿ ಬಂದಿದ್ದರು.

“ಓದ್ರಿ,” ಅಂದೆ. “ನೀವ ಓವರ್‌ಸಿಯರ್ ಇದ್ದೀರಿ.”

ಓದಿದರು. ಕಣ್ಣಿದ್ದವರು ಓದದೆ ಏನು ಮಾಡುತ್ತಾರೆ? “ಇದು ದೇವರಿಗೆ ಇಡೋದು. ಮನಷ್ಯಾರಿಗೆ ಇಷ್ಟು ಕರೆಕ್ಟ್ ಬೇಕಾಗೂದಿಲ್ಲ,” ಅಂದರು.

ಮತ್ತೆ ಗಿಡದ ಕೆಳಗೆ ಹೋದೆ. ಎರಡೂ ಕೈಯಿಂದ ಪೆಟ್ಟಿಗೆ ಎತ್ತಿ ಕಣ್ಣಿಗೊತ್ತಿಕೊಂಡು, ತಂದು ಚಕ್ಕಡಿಯ ಅಂಚಿಗಿಟ್ಟು, ಸುಶೀಯನ್ನು ಮೆಲ್ಲಗೆ ಇಳಿಸಿ, ಪೆಟ್ಟಿಗೆಯನ್ನು ಅವಳ ಕೈಯಲ್ಲಿ ಕೊಟ್ಟೆ. ಅವಳು ಎದೆಗವಚಿಕೊಂಡು ನಿಂತಳು. ಬೀರಪ್ಪ ತಗ್ಗಿನಲ್ಲಿ ಕಲ್ಲು ಹಾಸಿದ. ಆದರೆ ನಾನು ತಂದ ಮಣೆ ನೋಡಿ ಹಿಂದೆ ಸರಿದ.

“ಬಾಯಾರ, ಅದು ದೇವರ ಮಣಿ ಐತ್ರಿ. ನಾ ಮುಟ್ಟಾಂಗಿಲ್ರಿ.”

“ನೀ ಮುಟ್ಟಬ್ಯಾಡ. ಗಾಲಿ ಅಷ್ಟ ದಬ್ಬು,” ಅಂದು ನಾನೇ ಮಣೆ ಇಟ್ಟೆ.

ಅವನೊಬ್ಬನೇ ದಬ್ಬಿದರೆ ಗಾಲಿ ಏರಲಿಲ್ಲ. ಆಗ ನೋಡಿ, ನಮ್ಮನೆಯವರು ಕೋಟು ಕಳಚಿದರು. ಅಣ್ಣನ ಮುಖ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಬೀರಪ್ಪನ ಹೆಗಲಿಗೆ ಹೆಗಲು ಕೊಟ್ಟು ದಬ್ಬಿದರು. ಮಣೆ ಒಮ್ಮೆ ಲಟಕ್ ಅಂತು. ಗಾಲಿ ಏರಿ ನಿಂತಿತು. ರಸಮಟ್ಟ ಇಟ್ಟು ನೋಡಿದೆ. ಗುಳ್ಳೆ ಕೂದಲೆಳೆಯಷ್ಟು ಆಚೆ. ಇರಲಿ. ಅಷ್ಟನ್ನು ನಾವು ಸುಧಾರಿಸಿಕೊಳ್ಳುತ್ತೇವೆ.

ದೇವರ ಪೆಟ್ಟಿಗೆ ಸುಶೀಯ ತಲೆಯ ಹತ್ತಿರವೇ ಉಳಿಯಿತು. ಹೊತ್ತು ಮುಳುಗುವುದರೊಳಗೆ ಹೊಟ್ಟೆ ಎಳೆತ ನಿಂತಿತು. ಮಣೆ ಸೀಳಲಿಲ್ಲ, ಒಂದು ಕೃಪೆ. ಗಂಡ ಹೆಗಲು ಕೊಟ್ಟ, ಎರಡನೆಯದು. ಬೆಳಗಿನವರೆಗೆ ಮಗಳು ಒಂದೇ ಮಗ್ಗುಲಲ್ಲಿ ನಿದ್ದೆ ಮಾಡಿದಳು. ಅದಕ್ಕಿಂತ ಹೆಚ್ಚಿಗೆ ಏನು ಬೇಡಲಿ?

ಭಾವನವರು ಆ ದಿನ ಊಟ ಮಾಡಲಿಲ್ಲ. ಮನೆಗೆ ಬಂದ ಮೇಲೆ ನನ್ನ ಕೈಯ ಅಡುಗೆ ಬೇಡ ಅಂದರು. ದೇವರಿಗೆ ಅವಮಾನವಾಗಿದೆ, ಪ್ರಾಯಶ್ಚಿತ್ತ ಆಗಬೇಕು, ಬಡಿಗನಿಂದ ಹೊಸ ಮಣೆ ಮಾಡಿಸಬೇಕಂತೆ. ಹಳೆಯದರ ಮೇಲೆ ಗಾಲಿಯ ಕಬ್ಬಿಣದ ಪಟ್ಟಿ ಒತ್ತಿದ ಗುರುತು ಮೂಡಿದೆಯಲ್ಲ.

ಬಡಿಗ ಬಂದಿದ್ದ. ಚಹಾ ಕೊಟ್ಟು ತಿರುಗಿ ಕಳಿಸಿದೆ.

ಸುಶೀ ಒಳಕೋಣೆಯಲ್ಲಿ ಮಲಗಿದ್ದಾಳೆ. ಕೂಸು ಒದೆಯುತ್ತದೆ, ಕೈಯಿಟ್ಟರೆ ನನಗೂ ತಿಳಿಯುತ್ತದೆ. ಈವತ್ತು ಬೆಳಿಗ್ಗೆ ಅದೇ ಮಣೆಯನ್ನು ತೊಳೆದು, ಗಾಲಿಯ ಗುರುತಿಗೂ ಕುಂಕುಮ ಹಚ್ಚಿ, ದೇವರನ್ನು ಕೂಡಿಸಿದೆ. ದೇವರು ಸಮಾಧಾನವಾಗಿ ಕೂತಿದ್ದಾನೆ.

ಹಾಗಾದರೆ ಅವಮಾನ ಆದದ್ದು ಯಾರಿಗೆ?