ಅವ್ವನ ‘ಬರ್ತೇನಿ’

ನಮ್ಮ ಕಡೆ ಮನೆಯಿಂದ ಹೊರಡುವಾಗ ಯಾರೂ ‘ಹೋಗ್ತೇನಿ’ ಅನ್ನುವುದಿಲ್ಲ. ಸಂತೆಗೆ ಹೊರಟರೂ ‘ಬರ್ತೇನಿ’, ಜಗಳಾಡಿ ಹೊರಟರೂ ‘ಬರ್ತೇನಿ’. ಹೋಗ್ತೇನಿ ಅನ್ನುವುದು ಅಪಶಕುನ. ಈ ಒಂದು ಮಾತಿನಿಂದ ನಾನು ಊರೂರಲ್ಲಿ ಚಪ್ಪಾಳೆ ಗಿಟ್ಟಿಸಿದೆ. ಅದನ್ನು ಕಸಿದುಕೊಂಡದ್ದು ಮಾತ್ರ ನನ್ನ ಅವ್ವನ ಬಾಯಿಂದ.

ಮುದ್ದೇಬಿಹಾಳ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ ನಮ್ಮ ಊರಿತ್ತು. ಆಣೆಕಟ್ಟೆಯಲ್ಲಿ ನೀರು ನಿಲ್ಲಿಸಿದಾಗ ಮುಳುಗಿತು. ಊರವರನ್ನು ಎತ್ತರದ ಬಯಲಿನ ಪುನರ್ವಸತಿ ಕೇಂದ್ರಕ್ಕೆ ಕಳಿಸಿದರು. ಅವ್ವ ಅಣ್ಣನ ಜೊತೆ ಅಲ್ಲಿಗೆ ಹೋದಳು. ನಾನು ಅಷ್ಟು ಹೊತ್ತಿಗೆ ಸಿಂದಗಿಯಲ್ಲಿ ಶಾಲೆಯ ಮಾಸ್ತರನಾಗಿದ್ದೆ. ಸಾಮಾನು ಹೊರಲು ಎರಡು ದಿನ ರಜೆ ಹಾಕಿ ಹೋಗಿ ಬಂದೆ, ಅಷ್ಟೇ. ಆದರೆ ಮುಳುಗಡೆಯ ಬಗ್ಗೆ ಮಾತಾಡಲು ನನ್ನಂಥವನು ಮತ್ತೊಬ್ಬನಿಲ್ಲ ಎಂಬ ಠೇಂಕಾರಕ್ಕೆ ಕಡಿಮೆ ಇರಲಿಲ್ಲ.

ಒಂದು ವರ್ಷ ನಮ್ಮ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ನಾಟಕದವರು ಕೈಕೊಟ್ಟರು. ಹೊತ್ತು ತುಂಬಿಸಲು ನಾನೊಬ್ಬನೇ ಟವೆಲ್ ಹಿಡಿದು ಸ್ಟೇಜು ಹತ್ತಿದೆ. ಪುನರ್ವಸತಿ ಕೇಂದ್ರದ್ದೇ ಪ್ರಸಂಗ ಕಟ್ಟಿದೆ: ಅಲ್ಲಿನ ಮನೆಗಳೆಲ್ಲ ಒಂದೇ ಅಚ್ಚಿನವು. ಹೊಲದಿಂದ ಬಂದ ಗಂಡಸು ತಪ್ಪಿ ಬೇರೆ ಮನೆ ಹೊಕ್ಕು ‘ರೊಟ್ಟಿ ಹಾಕು’ ಅಂತ ಕೂರುತ್ತಾನೆ. ಆ ಮನೆಯವಳೂ ತಲೆ ಎತ್ತದೆ ಹಾಕುತ್ತಾಳೆ. ಯಾಕೆಂದರೆ ಅವಳ ಗಂಡ ಆಚೆ ಓಣಿಯಲ್ಲಿ ಇನ್ಯಾರದೋ ರೊಟ್ಟಿ ತಿನ್ನುತ್ತಿರುತ್ತಾನೆ. ಜನ ಬಿದ್ದು ಬಿದ್ದು ನಕ್ಕರು. ಅಲ್ಲಿಂದ ನಾನು ‘ಮುಳುಗಡಿ ಮಾಸ್ತರ’ ಆದೆ. ಇಂಡಿಯಿಂದ ಕರೆದರು, ಬಸವನ ಬಾಗೇವಾಡಿಯಿಂದ ಕರೆದರು.

ಆಟ ಬೆಳೆಯುತ್ತ ಹೋದಂತೆ ಹೊಸ ನಗೆ ಬೇಕಾಯಿತು. ಹೊರಗೆಲ್ಲೂ ಸಿಗದಿದ್ದಾಗ ಅವ್ವನನ್ನು ತಂದೆ. ಊರು ಬಿಟ್ಟ ದಿನ ಟ್ರ್ಯಾಕ್ಟರ್ ತುಂಬಿದ ಮೇಲೆ ಅವಳು ಒಳಗೆ ಹೋಗಿ, ಬರಿದಾದ ಮನೆಯ ಹೊಸ್ತಿಲು ಮುಟ್ಟಿ, ‘ಬರ್ತೇನವಾ’ ಅಂದಿದ್ದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಸ್ಟೇಜಿನ ಮೇಲೆ ಟವೆಲನ್ನೇ ಸೆರಗು ಮಾಡಿ, ಬೆನ್ನು ಬಾಗಿಸಿ, ಅವಳ ನಡುಗುವ ದನಿಯಲ್ಲೇ ‘ಬರ್ತೇನವಾ’ ಅನ್ನುತ್ತಿದ್ದೆ. ಆಮೇಲೆ ಸೆಟೆದು ನಿಂತು, ಮುಳುಗಲಿರುವ ಆ ಮನೆಯದೇ ದನಿಯಲ್ಲಿ ಉತ್ತರ ಕೊಡುತ್ತಿದ್ದೆ: ‘ಈಸು ಕಲತು ಬಾ ಯವ್ವಾ!’ ಇಡೀ ಆಟದಲ್ಲಿ ಎಲ್ಲಕ್ಕಿಂತ ದೊಡ್ಡ ನಗು ಅದಕ್ಕೇ.

ನಾಲತವಾಡದಲ್ಲಿ ಆಟವಾದಾಗ ಕೇಂದ್ರದ ಜನ ಟೆಂಪೋ ಮಾಡಿಕೊಂಡು ಬಂದರು. ಅವ್ವ ಹೆಂಗಸರ ಸಾಲಿನಲ್ಲಿ ಮುಂದೆಯೇ ಕೂತಿದ್ದಳು. ರೊಟ್ಟಿಯ ಪ್ರಸಂಗಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ‘ಬರ್ತೇನವಾ’ ಬಂದಾಗ ಪಕ್ಕದವಳು ಮೊಣಕೈಯಿಂದ ತಿವಿದು, ‘ಏ, ಇದು ನೀನ ಅಲ್ಲೇನ?’ ಅಂದದ್ದು ನನಗೂ ಕೇಳಿಸಿತು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನಗು ತಡೆಯುತ್ತಿದ್ದಾಳೆ ಅಂದುಕೊಂಡು ನಾನು ಬೆನ್ನನ್ನು ಇನ್ನಷ್ಟು ಬಾಗಿಸಿದೆ. ಎಂಥ ಹುಂಬ ನಾನು!

ಮರುದಿನ ನನ್ನ ಜೊತೆ ಸಿಂದಗಿಗೆ ಬಂದು ನಾಲ್ಕು ದಿನ ಇದ್ದಳು. ಹೊರಡುವ ದಿನ ಬಾಗಿಲಲ್ಲಿ ಚಪ್ಪಲಿ ಮೆಟ್ಟಿ, ‘ಹೋಗ್ತೇನಿ’ ಅಂದಳು. ನನ್ನ ಹೆಂಡತಿ ಬೆಚ್ಚಿಬಿದ್ದಳು.

‘ಅತ್ತಿ, ಹಂಗ ಅನಬ್ಯಾಡ್ರಿ. ಬರ್ತೇನಿ ಅನ್ರಿ.’

‘ಅದು ಈಗ ನಿನ್ನ ಗಂಡಂದವಾ,’ ಅಂದಳು ಅವ್ವ. ‘ಅಂವನ ಬಾಯಾಗ ಛಲೋ ಬರ್ತೈತಿ.’

ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟಿದ್ದರೆ ಕಾಲು ಹಿಡಿದು ಮುಗಿಸುತ್ತಿದ್ದೆ.

ಆ ಬೇಸಿಗೆ ಕೇಂದ್ರಕ್ಕೆ ಹೋದಾಗ ಅಣ್ಣ ಕೇಳಿದ: ‘ಅವ್ವ ಈ ವರ್ಷ ಊರಿಗೆ ಹೋಗೇ ಇಲ್ಲ. ನೀ ಏನರ ಅಂದೇನು?’

ಯಾವ ಊರಿಗೆ ಅಂದೆ. ಆಗ ಅವನು ಹೇಳಿದ. ಪ್ರತಿ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ನಮ್ಮ ಮನೆಯ ತಳಪಾಯ ಮೇಲೆ ಕಾಣುತ್ತಿತ್ತಂತೆ. ಹೂವಿನ ಹಿಪ್ಪರಗಿಯ ತನ್ನ ತಂಗಿಯ ಮನೆಗೆ ಅಂತ ಹೇಳಿ ಅವ್ವ ಹೊಳೆಯ ಕಡೆಯ ಬಸ್ಸು ಹತ್ತುತ್ತಿದ್ದಳಂತೆ. ಹೊಸ್ತಿಲ ಕಲ್ಲಿನ ಮೇಲಿನ ರಾಡಿ ಬಳಿದು ತೆಗೆದು, ಸ್ವಲ್ಪ ಹೊತ್ತು ಕೂತು ಬರುತ್ತಿದ್ದಳಂತೆ. ಒಮ್ಮೆ ಅಣ್ಣ ಹಿಂದೆಯೇ ಹೋಗಿ ಹಿಡಿದಾಗ, ‘ಬರ್ತೇನಿ ಅಂತ ಹೇಳಿ ಬಂದೇನಿ, ಹೋಗಬ್ಯಾಡೇನು?’ ಅಂದಳಂತೆ.

ನಾನು ಊರನ್ನೆಲ್ಲ ನಗಿಸಿದ ಆ ಮಾತನ್ನು ಅವಳು ವರ್ಷಾ ವರ್ಷ ನಡೆಸಿಕೊಟ್ಟಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇನ್ನು ಆ ಪ್ರಸಂಗ ಬೇಡ ಎಂದು ಅಂದೇ ನಿಶ್ಚಯಿಸಿದೆ. ಮುಂದಿನ ತಿಂಗಳು ಇಂಡಿಯಲ್ಲಿ ಅದನ್ನು ಬಿಟ್ಟೇ ಆಟ ಮುಗಿಸಿದೆ. ಜನ ಏಳಲಿಲ್ಲ. ‘ಮುದುಕೀದು ಮಾಡ್ರಿ ಮಾಸ್ತರ!’ ಅಂತ ಕೂಗಿದರು. ಮಾಡಿದೆ. ಬಲವಂತಕ್ಕೆ ಅಂದುಕೊಳ್ಳಬಹುದಿತ್ತು. ಆದರೆ ಆಮೇಲೆ ಇನ್ನೂ ಮೂರು ಕಡೆ ಯಾರೂ ಕೇಳದೆಯೇ ಮಾಡಿದೆ. ಅವ್ವನ ಕಿವಿಗೆ ಬಿದ್ದಿರಲೇಬೇಕು. ಮುಂದೆ ಯಾವ ಬೇಸಿಗೆಯಲ್ಲೂ ಊರಿಗೆ ಹೋಗಲಿಲ್ಲ. ಮೂರನೆಯ ವರ್ಷದ ಚಳಿಗಾಲದಲ್ಲಿ ತೀರಿಕೊಂಡಳು. ಆಟ ಬಿಟ್ಟದ್ದು ಆಗ.

ಮುಂದಿನ ಬೇಸಿಗೆಯಲ್ಲಿ ನಾನೇ ಹೋದೆ. ಒಣಗಿ ಬಿರಿದ ಕೆಸರಿನ ಮೇಲೆ ನಡೆದು ಮನೆ ಹುಡುಕಿದೆ. ಅವ್ವ ಬರದ ಮೂರು ವರ್ಷಗಳ ರಾಡಿ ಹೊಸ್ತಿಲ ಮೇಲೆ ಗಟ್ಟಿಯಾಗಿ ಕೂತಿತ್ತು. ಕಲ್ಲಿನ ಚೂರಿನಿಂದ ಕೆರೆದು ಟವೆಲಿನಿಂದ ಒರೆಸಿದೆ. ಹೊರಡುವಾಗ ಹೊಸ್ತಿಲು ಮುಟ್ಟಿ, ಅವಳ ಪರವಾಗಿ ಒಂದು ಸಲ ಹೇಳಬೇಕೆಂದು ಬಾಯಿ ತೆರೆದೆ. ‘ಬರ್ತೇನವಾ’ ಬಂತು. ಬಂದದ್ದು ಸ್ಟೇಜಿನ ದನಿ. ಬೆನ್ನು ಕೂಡ ತಾನಾಗಿಯೇ ಬಾಗಿತ್ತು.

ಆಚೆ ಕುರಿ ಮೇಯಿಸುತ್ತಿದ್ದ ಮುದುಕ ತಿರುಗಿ ನೋಡಿದ. ಗುರುತು ಹಿಡಿದು ಮುಖ ಅರಳಿಸಿಕೊಂಡು ಹತ್ತಿರ ಬಂದ.

‘ಮುಳುಗಡಿ ಮಾಸ್ತರ ಅಲ್ರಿ ನೀವು? ಮುಂದಿಂದೂ ಅನ್ರಿ, ಆ ಮನಿ ಏನೋ ಅಂತೈತಲ್ಲ!’

ಪಾಪ, ಅವನು ನಗಲು ಸಿದ್ಧನಾಗಿ ನಿಂತೇ ಇದ್ದ. ನಾನು ರಾಡಿಯಾದ ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಬಸ್ಸಿನ ದಾರಿ ಹಿಡಿದೆ.