ಕೆಂಪು ಟೋಪಿ ಹಾಕಿದ ಲೈನು

ನಮ್ಮ ಬೀದಿಯವರೆಲ್ಲ ಆಕೆಯನ್ನು ಎಕ್ಸ್‌ಚೇಂಜಮ್ಮ ಅನ್ನುತ್ತಾರೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ಮುಟ್ಟಿಸುವುದರಲ್ಲೇ ಅವರ ಕೂದಲು ಬೆಳ್ಳಗಾಯಿತು. ಆ ಎಕ್ಸ್‌ಚೇಂಜ್ ಮುಚ್ಚಿ ಎಷ್ಟೋ ಕಾಲವಾಗಿದೆ, ದನಿ ಮಾತ್ರ ಹಾಗೇ ಇದೆ. ಈಗ ಬೆಳಗಿನ ಹೊತ್ತು ಹಲ್ಲಿನ ಡಾಕ್ಟರೊಬ್ಬರ ಹತ್ತಿರ ಫೋನ್ ನೋಡಿಕೊಳ್ಳುತ್ತಾರೆ. ಅವರ ದನಿ ಕೇಳಿಯೇ ಅರ್ಧ ನೋವು ಇಳಿಯುತ್ತದೆ ಎಂದು ಹಲ್ಲುನೋವಿನವರು ಹೇಳುವುದನ್ನು ನಾನೇ ಕೇಳಿದ್ದೇನೆ. ಅವರ ಯಜಮಾನರು ಟೈಲರ್, ಬೀದಿಗೆಲ್ಲ ಮಾಸ್ಟರು. ಕಿವಿ ಬಹಳ ದೂರ. ದೇವರು ಜೋಡಿ ಕೂಡಿಸುವಾಗ ತಮಾಷೆ ಮಾಡುತ್ತಾನೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ನಾನು ಕಂಪ್ಯೂಟರ್ ರಿಪೇರಿಯವಳು. ನಲವತ್ತು ದಾಟಿದರೂ ಇವರಿಗೆಲ್ಲ ಇನ್ನೂ ‘ರಿಪೇರಿ ಹುಡುಗಿ’. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತೆ ಅಂತ ಹೆಸರು ಬೇರೆ. ಅವತ್ತು ಮಧ್ಯಾಹ್ನ ಉಂಡು ಕೈ ತೊಳೆಯುತ್ತಿದ್ದೆ, ಎಕ್ಸ್‌ಚೇಂಜಮ್ಮ ಬಾಗಿಲಲ್ಲಿ ನಿಂತಿದ್ದರು. ಒಂದು ಕಾಲಿನಲ್ಲಿ ಅವರ ಚಪ್ಪಲಿ, ಇನ್ನೊಂದರಲ್ಲಿ ಮಾಸ್ಟರದು.

“ಬಾರೇ ಮಗಳೇ, ಈಗಲೇ ಬಾ. ನಾಲ್ಕು ಗಂಟೆಯೊಳಗೆ ಲೈನ್ ಸರಿಹೋಗಲಿಲ್ಲ ಅಂದ್ರೆ ನನ್ನ ತಂಗಿ ನನ್ನ ಪಾಲಿಗಿಲ್ಲ.”

ದಾರಿಯುದ್ದಕ್ಕೂ ಹೇಳಿದರು. ತಂಗಿ ಇರುವುದು ದೂರದ ಊರಲ್ಲಿ. ಗಂಟಲಲ್ಲಿ ಗಡ್ಡೆಯಾಗಿ ಆಪರೇಷನ್ ಆಯಿತು. ಪ್ರಾಣ ಉಳಿಯಿತು, ದನಿ ಹೋಯಿತು. ಉಸಿರಾಡಲು ಕತ್ತಿನಲ್ಲಿ ಒಂದು ತೂತು. ಸೋಂಕು ತಗುಲೀತು ಅಂತ ಡಾಕ್ಟರು ಸದ್ಯಕ್ಕೆ ಯಾರನ್ನೂ ಹತ್ತಿರ ಬಿಡುತ್ತಿಲ್ಲ. ಮಾತೇ ಇಲ್ಲದವಳಿಗೆ ಫೋನ್ ಕಟ್ಟಿಕೊಂಡು ಏನು ಮಾಡುವುದು? ಮೊಬೈಲಿನ ಪುಟ್ಟ ಪರದೆಯಲ್ಲಿ ಮುಖ ನೋಡೋಣವೆಂದರೆ ಅಕ್ಕನ ಕಣ್ಣಿಗೆ ಪೊರೆ. ಅದಕ್ಕೇ ಎರಡೂ ಮನೆಗೆ ದೊಡ್ಡ ಪರದೆಯ ಕಂಪ್ಯೂಟರ್ ತರಿಸಿದ್ದು. ದಿನಾ ಸಂಜೆ ನಾಲ್ಕಕ್ಕೆ ಅಕ್ಕನೇ ಕರೆ ಮಾಡಿ ಮಾತಾಡುವುದು, ತಂಗಿ ಸ್ಲೇಟಿನ ಮೇಲೆ ಬರೆದು ತೋರಿಸುವುದು ಎಂದು ಮಾತಾಗಿತ್ತು.

ಮೊದಲ ದಿನ ತಂಗಿಯ ಕತ್ತು ಕಂಡದ್ದೇ ಎಕ್ಸ್‌ಚೇಂಜಮ್ಮನಿಗೆ ತಡೆಯಲಾಗಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಎದ್ದು ಒಳಗೆ ಹೋಗಿಬಿಟ್ಟರು. ನಾಳೆ ಗಟ್ಟಿಯಾಗಿ ಕೂರುತ್ತೇನೆ ಅಂದುಕೊಂಡರು. ಮಾರನೇ ದಿನ ನೋಡಿದರೆ ಲೈನೇ ಇಲ್ಲ. ಅವತ್ತಿನಿಂದ ಇವತ್ತಿನವರೆಗೂ ಇಲ್ಲ.

“ಲೈನ್ ಡೆಡ್ ಆಗಿದೆ ಅಂತ ಅವಳ ಗಂಡನಿಗೆ ಫೋನ್ ಮಾಡಿ ಹೇಳಿದೆ ಕಣೇ. ಅವಳು ನಂಬಲಿಲ್ಲ. ನನ್ನ ಮುಖ ನೋಡೋಕೆ ಅಕ್ಕನಿಗೆ ಹೇಸಿಗೆ ಅಂತ ಬರೆದು ತೋರಿಸಿದಳಂತೆ. ಇವತ್ತೊಂದು ದಿನ ಕೂತ್ಕೋತಾಳಂತೆ. ಆಮೇಲೆ ತನ್ನ ಕಂಪ್ಯೂಟರ್ ಯಾರಿಗಾದ್ರೂ ಕೊಟ್ಟುಬಿಡಿ ಅಂತ ಬರೆದಳಂತೆ.”

“ಯಾಕೆ ನಂಬಲ್ಲ? ನೀವೇನು ಸುಳ್ಳು ಹೇಳೋರಾ?”

ಎಕ್ಸ್‌ಚೇಂಜಮ್ಮ ತಲೆ ತಗ್ಗಿಸಿದರು. ಎಕ್ಸ್‌ಚೇಂಜಿನ ಕಾಲದಲ್ಲಿ ತಲೆ ತಿನ್ನುವ ನೆಂಟರು ಯಾರಾದರೂ ಫೋನಿಗೆ ಸಿಕ್ಕರೆ, “ಅಯ್ಯೋ, ಲೈನ್ ಡೆಡ್!” ಅಂತ ವೈರು ಕಿತ್ತುಬಿಡುತ್ತಿದ್ದರಂತೆ. ಆಗ ಪಕ್ಕದ ಸ್ಟೂಲಿನ ಮೇಲೆ ಕೂತು ಕಿಸಕ್ಕೆಂದು ನಗುತ್ತಿದ್ದ ಚಿಕ್ಕ ಹುಡುಗಿ ಇದೇ ತಂಗಿ. ಹುಲಿ ಬಂತು ಹುಲಿ ಅಂದವನ ಗತಿಯೇ ಇವರಿಗೂ ಬಂತು.

ಅವರ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೂಲೆಗೆ ಮಾಸ್ಟರ ಹೊಲಿಗೆ ಯಂತ್ರ, ಇನ್ನೊಂದು ಮೂಲೆಗೆ ಕಂಪ್ಯೂಟರ್. ಅದರ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿತ್ತು. ಲೈನ್ ಬಂದರೆ ತಂಗಿಗಾಗಿ ಖಾಲಿ ಇರಬೇಕು, ಯಾರೂ ಮುಟ್ಟಕೂಡದು ಅಂತ ಮನೆಯಲ್ಲಿ ಕಟ್ಟಪ್ಪಣೆ. ಬಟ್ಟೆ ಸರಿಸಿ ನೋಡಿದೆ. ಪರದೆಯ ಕೆಳಗಿನ ಮೂಲೆಯಲ್ಲಿ ಪುಟ್ಟ ಗ್ಲೋಬಿನ ಗುರುತು, ಮೇಲೊಂದು ಅಡ್ಡಗೆರೆ. ಮೌಸಿನ ಬಾಣ ತಂದಿಟ್ಟರೆ ‘ಇಂಟರ್‌ನೆಟ್ ಇಲ್ಲ’ ಅನ್ನುತ್ತಿತ್ತು.

ರೂಟರಿನ ದೀಪ ಹಸಿರಾಗಿಯೇ ಇತ್ತು. ಕಂಪನಿಗೆ ಫೋನ್ ಮಾಡಿದೆ. “ನಮ್ಮ ಕಡೆಯಿಂದ ಎಲ್ಲಾ ಸರಿ ಇದೆ ಮೇಡಂ” ಅಂದರು. ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ರೂಟರ್ ಆರಿಸಿ ಮತ್ತೆ ಹಚ್ಚಿದೆ, ವೈರು ಬದಲಿಸಿದೆ, ಕಂಪ್ಯೂಟರ್ ಮುಚ್ಚಿ ತೆರೆದೆ. ಗ್ಲೋಬು ಜಪ್ಪಯ್ಯ ಅನ್ನಲಿಲ್ಲ. ಗೋಡೆ ಗಡಿಯಾರ ಮಾತ್ರ ಓಡುತ್ತಿತ್ತು. ಎಕ್ಸ್‌ಚೇಂಜಮ್ಮ ಒಮ್ಮೆ ಗಡಿಯಾರ, ಒಮ್ಮೆ ನನ್ನ ಮುಖ ನೋಡುತ್ತಿದ್ದರು. 

“ಅಮ್ಮಾ, ಇಷ್ಟು ದಿನದಲ್ಲಿ ಒಂದ್ಸಲನಾದ್ರೂ ತಂಗಿಗೆ ಕರೆ ಮಾಡಿ ನೋಡಿದ್ರಾ?”

“ಟೋಪಿ ಹಾಕಿರೋ ಲೈನಿಗೆ ಯಾರಾದ್ರೂ ವೈರು ಚುಚ್ತಾರೇನೇ?”

ಅವರ ಕಸುಬಿನ ಶಿಸ್ತು ಅದು. ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ಯಾವುದಾದರೂ ಲೈನ್ ಕೆಟ್ಟಿದ್ದರೆ ಅದರ ತೂತಿಗೆ ಒಂದು ಪುಟ್ಟ ಕೆಂಪು ಟೋಪಿ ಹಾಕುತ್ತಿದ್ದರಂತೆ. ಟೋಪಿ ಕಂಡರೆ ಆಪರೇಟರ್ ಅತ್ತ ಕೈ ಹಾಕುವಂತಿಲ್ಲ. ಹಾಕಿದರೆ ಮೇಲಿನವರು ಉಗಿಯುತ್ತಿದ್ದರು. ಲೈನ್ ಸರಿಯಾದಾಗ ಲೈನ್‌ಮ್ಯಾನೇ ಬಂದು ತೆಗೆಯಬೇಕು. ಅಲ್ಲಿಯವರೆಗೆ ಕೈ ಕಟ್ಟಿ ಕೂರುವುದೇ ಕೆಲಸ. ಹಾಗೇ ಇಷ್ಟು ದಿನವೂ ನಾಲ್ಕಕ್ಕೆ ತಲೆ ಬಾಚಿಕೊಂಡು ಬಂದು, ಆ ಗೆರೆ ಯಾವಾಗ ಹೋಗುತ್ತದೆಂದು ಕಾದು, ಕತ್ತಲಾದ ಮೇಲೆ ಎದ್ದು ಹೋಗಿದ್ದರು. ಒಂದು ಸಲ ಒತ್ತಿ ನೋಡಬಾರದಿತ್ತೇ ಅಂತ ಬೈಯಲು ಬಾಯಿ ತೆರೆದೆ. ಆದರೆ ನಾನೂ ಅದೇ ಗೆರೆಯನ್ನು ನಂಬಿ ವೈರಿನ ಜೊತೆ ಗುದ್ದಾಡುತ್ತಿದ್ದೆನಲ್ಲ!

ಅಷ್ಟು ಹೊತ್ತೂ ಗುಂಡಿ ಹಾಕುತ್ತಾ ಕೂತಿದ್ದ ಮಾಸ್ಟರು ಈಗ ತಲೆ ಎತ್ತಿದರು. “ಏನಾಗಿದೆ ಅದಕ್ಕೆ?”

ಅವರ ಕಿವಿಯ ಹತ್ತಿರ ಹೋಗಿ ಕೂಗಿದೆ. “ಇಂಟರ್‌ನೆಟ್ ಇಲ್ಲ! ಎಷ್ಟೋ ದಿನದಿಂದ ಇಲ್ಲ!”

“ಯಾರಂದ್ರು? ಇವತ್ತು ಬೆಳಿಗ್ಗೆ ತಾನೇ…” ಎಂದವರು ಹೆಂಡತಿಯ ಮುಖ ಕಂಡು ನಾಲಿಗೆ ಕಚ್ಚಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

“ಬೆಳಿಗ್ಗೆ ಏನ್ರೀ?” ಎಕ್ಸ್‌ಚೇಂಜಮ್ಮನ ದನಿ ಇಂಥ ಹೊತ್ತಿನಲ್ಲಿ ಯಾವ ಕಿವುಡನಿಗೂ ಕೇಳುತ್ತದೆ.

“ನೀನು ಕೆಲಸಕ್ಕೆ ಹೋದ ಮೇಲೆ… ಕಾಲರ್ ಕತ್ತರಿಸೋ ವಿಡಿಯೋ ನೋಡ್ತೀನಿ ಕಣೇ. ದಿನಾ. ಚೆನ್ನಾಗೇ ಬರುತ್ತಲ್ಲ!”

ನಾನು ತೆರೆದು ನೋಡಿದೆ. ಚೆನ್ನಾಗೇ ಬಂತು. ಯಾರೋ ಒಬ್ಬ ಕತ್ತರಿ ಹಿಡಿದು ಕಾಲರ್ ಕತ್ತರಿಸುತ್ತಿದ್ದ, ಮೂಲೆಯ ಗ್ಲೋಬು ಮಾತ್ರ ಇನ್ನೂ ಇಲ್ಲ ಇಲ್ಲ ಅನ್ನುತ್ತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನಮ್ಮ ಕಥೆ.

ಆಮೇಲೆ ಹುಡುಕಿದರೆ ಸಿಕ್ಕಿತು. ಆ ಗುರುತೇನೂ ಜಗತ್ತನ್ನೆಲ್ಲ ಸುತ್ತಿ ಬಂದು ಹೇಳುವುದಿಲ್ಲ. ಗೊತ್ತಿರುವ ಒಂದೇ ಒಂದು ಬಾಗಿಲಿಗೆ ಹೋಗಿ “ಇದ್ದೀರಾ?” ಅನ್ನುತ್ತದೆ. ಅಲ್ಲಿಂದ ಉತ್ತರ ಬರದಿದ್ದರೆ ಊರೇ ಇಲ್ಲ ಅಂದುಬಿಡುತ್ತದೆ. ಮಾಸ್ಟರು ವಿಡಿಯೋ ನೋಡುವಾಗ ಪರದೆ ಕೇಳಿದ್ದಕ್ಕೆಲ್ಲ ‘ಹೂಂ’ ಒತ್ತಿ ಯಾವುದೋ ಪುಕ್ಕಟೆ ಕಾವಲು ತಂತ್ರಾಂಶ ಒಳಗೆ ಬಿಟ್ಟುಕೊಂಡಿದ್ದರು. ಅದು ಆ ಒಂದು ಪ್ರಶ್ನೆಯನ್ನು ಹೊರಗೆ ಹೋಗದಂತೆ ತಡೆದಿತ್ತು. ಉಳಿದ ದಾರಿಗಳೆಲ್ಲ ತೆರೆದೇ ಇದ್ದವು.

ಎಕ್ಸ್‌ಚೇಂಜಮ್ಮ ಕುಣಿದಾಡುತ್ತಾರೆ ಅಂದುಕೊಂಡಿದ್ದೆ. ಅವರು ಕುರ್ಚಿಯಲ್ಲಿ ಕುಸಿದು ಕೂತರು.

“ಹಾಗಾದ್ರೆ ದಿನಾ ಲೈನ್ ಇತ್ತು. ಅವಳು ಆ ಕಡೆ ಕೂತೇ ಇದ್ದಳು.”

ನಾನು ಮೌಸನ್ನು ಅವರ ಕೈ ಹತ್ತಿರ ಸರಿಸಿದೆ. “ಈಗ ಕರೀರಿ ಅಮ್ಮಾ, ಹೊತ್ತಾಯ್ತು” ಅಂದೆ.

ಅವರ ಬೆರಳು ಮೌಸಿನ ಮೇಲೆ ಬಂದು ನಿಂತಿತು. ಕಣ್ಣು ಮೂಲೆಯ ಗೆರೆಯ ಮೇಲೆ. “ಮೊದಲು ಅದನ್ನ ತೆಗಿಯೇ. ಅದು ಇದ್ದರೆ ನನ್ನ ಕೈ ಬರಲ್ಲ.”

“ಅದನ್ನ ತೆಗೀತಾ ಕೂತರೆ ನಾಲ್ಕು ದಾಟುತ್ತೆ. ಆ ಟೋಪಿ ಸುಟ್ಟುಹೋಗಲಿ, ಒತ್ತಿ!” ನನ್ನ ಸಿಟ್ಟು ಕೈ ಮೀರಿತ್ತು.

ಮಾಸ್ಟರಿಗೆ ನಮ್ಮ ಮಾತು ಎಷ್ಟು ಕೇಳಿಸಿತೋ ಗೊತ್ತಿಲ್ಲ. ಹೆಂಡತಿಯ ಕಣ್ಣು ಎಲ್ಲಿದೆ ಅನ್ನುವುದು ಮಾತ್ರ ಕಂಡಿತು. ಎದ್ದು ಬಂದು, ಶರ್ಟಿನ ಬಟ್ಟೆಯ ಒಂದು ಚೂರು ಕತ್ತರಿಸಿ, ಅಂಟುಟೇಪಿನಿಂದ ಪರದೆಯ ಆ ಮೂಲೆಗೆ ಅಂಟಿಸಿದರು. ಗ್ಲೋಬು ಮರೆಯಾಯಿತು. ಎಕ್ಸ್‌ಚೇಂಜಮ್ಮ ಗಂಡನನ್ನೊಮ್ಮೆ ನೋಡಿ ಒತ್ತಿದರು.

ಆ ಕಡೆ ಕೂಡಲೇ ಎತ್ತಿದರು. ತಂಗಿ ಆಗಲೇ ಬಂದು ಕೂತಿದ್ದರು. ಕತ್ತಿಗೆ ತೆಳ್ಳನೆಯ ನೀಲಿ ಸ್ಕಾರ್ಫ್ ಸುತ್ತಿಕೊಂಡಿದ್ದರು. ನಗಲಿಲ್ಲ. ಸ್ಲೇಟ್ ತೆಗೆದುಕೊಂಡು ಬರೆದು ಎತ್ತಿ ಹಿಡಿದರು: “ಲೈನ್ ಡೆಡ್?”

ಊರಿಗೆಲ್ಲ ಮಾತು ಮುಟ್ಟಿಸಿದ ಎಕ್ಸ್‌ಚೇಂಜಮ್ಮನಿಗೆ ಮಾತು ಹೊರಡಲಿಲ್ಲ. ಇಲ್ಲ ಅಂತ ತಲೆಯಾಡಿಸಿದರು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಮೂಗು ಪರದೆಗೆ ತಾಗುವಷ್ಟು ಹತ್ತಿರ ಕೂತರು. ಆಮೇಲೆ ದನಿ ಬಂತು.

“ಆ ಸ್ಕಾರ್ಫ್ ತೆಗಿ ಪುಟ್ಟೀ. ನಾನು ನೋಡಬೇಕು.”

ತಂಗಿ ಸ್ಲೇಟನ್ನು ಕತ್ತಿಗೆ ಅಡ್ಡ ಹಿಡಿದುಕೊಂಡರು. ಕೊನೆಗೆ ಸ್ಲೇಟ್ ಕೆಳಗಿಟ್ಟು ಒಂದೊಂದೇ ಸುತ್ತು ಬಿಚ್ಚಿದರು. ಎಕ್ಸ್‌ಚೇಂಜಮ್ಮ ಕನ್ನಡಕ ಒರೆಸಿ ಹಾಕಿಕೊಂಡು ನೋಡಿದರು. ಅಳು ಬಂತು, ಅತ್ತರು. ಆದರೆ ಈ ಸಲ ಎದ್ದು ಹೋಗಲಿಲ್ಲ.