ಕಾಕಾನಿಗೆ ಬಂದ ಕಾಗದಗಳು

ಬೆಳಿಗ್ಗೆ ಅಂಚೆಯಲ್ಲಿ ಬಂದ ಪುಸ್ತಕದಲ್ಲಿ ಒಂದು ಕಾಗದದ ಫೋಟೊ ಇದೆ. ಕಾಗದದ ನಟ್ಟನಡುವೆ ತೂತು. ತಂತಿಗೆ ಚುಚ್ಚಿಟ್ಟ ಗುರುತು ಅದು. ಹಾಗೆ ಚುಚ್ಚಿಟ್ಟವರು ಭೀಮರಾಯನಗುಡಿ ಕ್ಯಾಂಪಿನಲ್ಲಿ ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿದ್ದ ಕಾಕಾ...

ಕಾಕಾ ನೀರಾವರಿ ಕಚೇರಿಯ ಗುಮಾಸ್ತರು. ನಾಡಿಗೆಲ್ಲ ಗೊತ್ತಿದ್ದ ಒಬ್ಬ ದೊಡ್ಡ ಸಾಹಿತಿಗೆ ಹನ್ನೆರಡು ವರ್ಷ ಕಾಗದ ಬರೆದವರು. ಬೋನಾಳ ಕೆರೆಗೆ ಬರುವ ಹಕ್ಕಿಗಳಿಗೆ ನಮ್ಮ ಕಡೆ ಏನೆನ್ನುತ್ತಾರೆ, ಕಳೆ ಕೀಳುವ ಹೆಂಗಸರು ಹೇಗೆ ಬೈದುಕೊಳ್ಳುತ್ತಾರೆ... ಸಾಹಿತಿ ಕೇಳಿದ್ದನ್ನೆಲ್ಲ ಊರೂರು ವಿಚಾರಿಸಿ ತಿಳಿಸುತ್ತಿದ್ದರು. ಉತ್ತರ ಬಂದರೆ ಕಚೇರಿಯ ರೂಢಿಯಂತೆ ಕವರನ್ನು ಹರಿದೆಸೆದು ಕಾಗದವನ್ನಷ್ಟೇ ತಂತಿಗೆ ಏರಿಸುತ್ತಿದ್ದರು. ಕಾಗದದ ಮೊದಲಿಗೆ ಇರುತ್ತಿದ್ದುದು 'ಪ್ರಿಯ ಮಿತ್ರರೇ' ಎಂದಷ್ಟೇ. ಕಾಕಾನ ಹೆಸರಿದ್ದದ್ದು ಕವರಿನ ಮೇಲೆ.

ಸಾಹಿತಿ ತೀರಿಕೊಂಡ ಮೇಲೆ ಅವರ ಪತ್ರಗಳ ಸಂಪುಟ ತರುತ್ತಾರೆಂದು ಪೇಪರಿನಲ್ಲಿ ಬಂತು. ನಾನಾಗ ಶಹಾಪುರದ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕ. ಕಾಕಾನ ಹತ್ತಿರವಿದ್ದ ಕಾಗದಗಳನ್ನು ಕಳಿಸೋಣವೆಂದು ಗಂಟುಬಿದ್ದವನು ನಾನೇ. ಸಹಿ ಪಡೆಯದೆ ಒಂದು ಚೀಟಿಯನ್ನೂ ಕೊಡದ ಕಾಕಾ ತಂತಿ ಸಮೇತ ತಂದು ಕೈಗಿಟ್ಟರು.

"ಸಹಿ ಮಾಡ್ಲೇನ್ರಿ ಕಾಕಾ?" ಎಂದೆ.

"ನೀ ಮನಿ ಮಗ ಅದಿ, ನಿನ್ನ ಕಡಿಂದ ಏನ್ ಸಹಿ ತಗೊಳ್ಳೋದು. ಅವರ ಕೆಲ್ಸ ಮುಗಿದ ಮ್ಯಾಲ ವಾಪಸ್ ತರಸು, ಅಷ್ಟ."

ಪಾರ್ಸೆಲ್ಲಿನ ಮೇಲೆ ಕಳಿಸಿದವರ ಜಾಗದಲ್ಲಿ ನನ್ನ ಹೆಸರು ಬರೆದೆ. ಇವು ಯಾರಿಗೆ ಬಂದ ಕಾಗದಗಳೆಂದು ಒಳಗೆ ಒಂದು ಸಾಲೂ ಹಾಕಲಿಲ್ಲ. ಮರೆತೆ ಎಂದೇ ಇಷ್ಟು ವರ್ಷ ನನಗೆ ನಾನು ಹೇಳಿಕೊಂಡಿದ್ದೇನೆ.

ಸಂಪುಟ ಬಂತು. ಹತ್ತೊಂಬತ್ತು ಕಾಗದ, ಅಷ್ಟೂ ನನಗೆ ಬರೆದವೆಂದು ಮೇಲೆ ನನ್ನ ಹೆಸರು. ಯಾದಗಿರಿಗೆ ಕರೆಸಿ ಶಾಲು ಹೊದಿಸಿದರು. ಕಮಕ್ ಕಿಮಕ್ ಎನ್ನದೆ ಹೊದಿಸಿಕೊಂಡೆ. ಇಸ್ತ್ರಿ ಅಂಗಿ ತೊಟ್ಟು ಕಾಕಾ ಎದುರಿಗೇ ಕೂತಿದ್ದರು. ಮರಳುವಾಗ ಒಂದೇ ಬಸ್ಸು, ಒಂದೇ ಸೀಟು. ಕ್ಯಾಂಪು ಹತ್ತಿರ ಬಂತು. ಕಾಕಾ ಕಿಟಕಿಯ ಕಡೆ ನೋಡುತ್ತ ಕೇಳಿದರು: "ಆ ಕಾಗದ ಯಾವಾಗ ಬರ್ತಾವ?"

ಬರಲಿಲ್ಲ. ಸಂಪಾದಕರ ಕಡೆ ಎಲ್ಲೋ ಕಳೆದುಹೋದವಂತೆ. ಕಾಕಾ ಇನ್ನೆರಡು ಸಲ ಕೇಳಿದರು, ಆಮೇಲೆ ಕೇಳುವುದನ್ನೇ ಬಿಟ್ಟರು. ಬೈದಿದ್ದರೆ ಹಗುರಾಗುತ್ತಿದ್ದೆ. ಆ ಉಪಕಾರವನ್ನೂ ಮಾಡದೆ ಹೋಗಿಬಿಟ್ಟರು...

ಈಗ ಸಂಪುಟ ಮರುಮುದ್ರಣವಾಗುತ್ತಿದೆ. ಬೆಳಿಗ್ಗೆ ಬಂದ ಪುಸ್ತಕ ಅದೇ ಸಂಪುಟ, ಜೊತೆಗೆ ಸಂಪಾದಕರ ಚೀಟಿಯೂ ಇತ್ತು: ತಿದ್ದುಪಡಿ ಏನಾದರೂ ಇದ್ದರೆ ತಿಳಿಸಿ. ಕಾಕಾ ಇಲ್ಲ, ನಿಜ ಗೊತ್ತಿದ್ದ ಇನ್ನೊಬ್ಬರೂ ಇಲ್ಲ. ಮಧ್ಯಾಹ್ನದವರೆಗೆ ಚೀಟಿ ಹಿಡಿದು ಕೂತಿದ್ದೆ. ನನಗೇ ಹೇಸಿಗೆ ಬರುತ್ತದೆ, ಆದರೂ ಹೇಳುತ್ತೇನೆ. ನನ್ನ ಹೆಸರಿಗೆ 'ಡಾಕ್ಟರ್' ಸೇರಿಸಿ ಎಂದು ಬರೆದು ಅಂಚೆಗೆ ಹಾಕಿ ಬಂದೆ.